ನಾಗಲಿಂಗಯ್ಯನವರು ಯಾಕೆ ಉಣ್ಣುತ್ತಿರಲಿಲ್ಲ

ಊರಲ್ಲಿ ಯಾರಿಗಾದರೂ ಜ್ವರ ಬಂದರೆ ನಾವು ಗಂಜಿ ಕಾಯಿಸಿಕೊಂಡು ಹೋಗುತ್ತೇವೆ. ಸಾವಾದರೆ ಒಲೆ ಹಚ್ಚದ ಆ ಮನೆಗೆ ನಮ್ಮ ಮನೆಯಿಂದ ಅನ್ನ ಸಾರು ಹೋಗುತ್ತದೆ. ಆದರೆ ಒಬ್ಬರು ಜೈಲಿಗೆ ಹೋದರು ಅನ್ನಿ. ಆ ಮನೆಯ ಮುಂದೆ ಹಾಯುವಾಗ ನಮ್ಮ ಕಾಲು ತಾನಾಗಿಯೇ ಬೇಗ ಬೇಗ ಬೀಳುತ್ತದೆ. ಕಣ್ಣು ಇನ್ನೊಂದು ಕಡೆ ತಿರುಗುತ್ತದೆ. ಏನೋ ಕೆಲಸ ಇದ್ದವರ ಹಾಗೆ ಹೋಗಿಬಿಡುತ್ತೇವೆ. ಸುಳ್ಳು ಯಾಕೆ, ನೀವೂ ಹೀಗೇ ಹೋಗಿರುತ್ತೀರಿ.

ನನ್ನ ಹೆಸರು ಸರ್ವಮಂಗಳಾ. ಮಧುಗಿರಿಯಿಂದ ಕೊರಟಗೆರೆ ಕಡೆ ಬಸ್ಸಿನಲ್ಲಿ ಬಂದರೆ, ಬೆಟ್ಟ ಬೆನ್ನ ಹಿಂದೆ ಸರಿದ ಮೇಲೆ ನಮ್ಮೂರು ಸಿಗುತ್ತದೆ. ನಮ್ಮ ಮಹಿಳಾ ಸಂಘದ ಸಭೆಯಲ್ಲಿ ಎಲ್ಲರೂ ಚಾಪೆ ಸುತ್ತಿಟ್ಟ ಮೇಲೂ ಮಾತು ನಿಲ್ಲಿಸದವಳು ಅಂತ ನನಗೊಂದು ಹೆಸರಿದೆ. ಇರಲಿ. ಮಾತಾಡುವವರು ಒಬ್ಬರಾದರೂ ಬೇಡವೇ? ಈಗ ಹೇಳುವುದು ನನ್ನ ಪಕ್ಕದ ಮನೆಯ ಸಂಗತಿ.

ಪಕ್ಕದ ಮನೆ ನಾಗಲಿಂಗಯ್ಯನವರದು. ಅರವತ್ತು ದಾಟಿದ ಹಿರಿಯರು. ಹುಣಸೆಹಣ್ಣು ಕೊಂಡು ಮಾರುವ ವ್ಯಾಪಾರ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡದ ಹೊರತು ಒಂದು ತುತ್ತು ಅನ್ನ ಮುಟ್ಟಿದವರಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಎಲೆಯ ಮುಂದೆ ಕೂತಿದ್ದರೂ ಇವರು ಮೂಲೆಯಲ್ಲಿ ಪೂಜೆ ಮುಗಿಸಿಯೇ ಬರುತ್ತಿದ್ದರು. ನಮ್ಮವರಲ್ಲಿ ಕೂಸಿಗೆ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೂ ಮೈಮೇಲೇ ಇರಬೇಕು ಅನ್ನುತ್ತಾರೆ. ಈಗಿನವರಲ್ಲಿ ಹಾಗೆ ಇಟ್ಟುಕೊಳ್ಳುವವರು ಕಡಿಮೆ. ಇವರು ಇಟ್ಟುಕೊಂಡಿದ್ದರು.

ಹಾಗಂತ ಸಾಧು ಸ್ವಭಾವ ಅಂದುಕೊಳ್ಳಬೇಡಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರ ಹೊಲಕ್ಕೂ ಚಿಕ್ಕನರಸಯ್ಯನ ಹೊಲಕ್ಕೂ ನಡುವಿನ ಬದುವಿನಲ್ಲಿ ಒಂದು ಹುಣಸೆ ಮರ ಇದೆ. ಈ ಸಲ ಕಾಯಿ ಬಡಿಯುವಾಗ ಯಾವ ಕೊಂಬೆ ಯಾರದು ಅಂತ ಇಬ್ಬರಿಗೂ ಮಾತು ಬೆಳೆಯಿತು. ನಾಗಲಿಂಗಯ್ಯನವರು ಎದೆಗೆ ಕೈ ಹಾಕಿ ತಳ್ಳಿದರು. ಚಿಕ್ಕನರಸಯ್ಯ ಬದುವಿನ ಕಲ್ಲಿನ ಮೇಲೆ ಬಿದ್ದು ತಲೆ ಒಡೆದುಕೊಂಡ. ಪ್ರಜ್ಞೆ ತಪ್ಪಿದವನನ್ನು ಆಸ್ಪತ್ರೆಗೆ ಸಾಗಿಸಿದರು. ಸಂಜೆಯ ಹೊತ್ತಿಗೆ ಪೊಲೀಸರು ಬಂದರು. ನಾಗಲಿಂಗಯ್ಯನವರು ಓಡಿಹೋಗಲಿಲ್ಲ, ಸುಳ್ಳೂ ಹೇಳಲಿಲ್ಲ. ಹೌದು, ನಾನೇ ತಳ್ಳಿದೆ ಅಂದರು. ಅಂಗಿ ಹಾಕಿಕೊಂಡು ಬರುತ್ತೇನೆ ಅಂತ ಕೇಳಿ ಒಳಗೆ ಹೋದರು.

ಆಗ ಅವರ ಹೆಂಡತಿ ಶಿವರುದ್ರಮ್ಮ ಬಾಗಿಲಲ್ಲಿ ಅಡ್ಡ ನಿಂತು ಕೈ ಚಾಚಿದರು. ನಾನು ನಮ್ಮ ಜಗಲಿಯಿಂದಲೇ ನೋಡಿದೆ.

"ಲಿಂಗ ಇಲ್ಲಿ ಕೊಟ್ಟೋಗ್ರಿ. ಕಳ್ಳರು, ಕೊಲೆಗಾರರು ಇರೋ ಜಾಗಕ್ಕೆ ಅದನ್ನ ತಗೊಂಡೋಗಿ ಮೈಲಿಗೆ ಮಾಡ್ಬೇಡಿ."

ಆ ಮನುಷ್ಯ ಒಂದು ಕ್ಷಣ ಹೆಂಡತಿಯ ಮುಖ ನೋಡಿದರು. ಆಮೇಲೆ ಕೊರಳಿನ ಶಿವದಾರ ಬಿಚ್ಚಿ, ಲಿಂಗವನ್ನು ಅದನ್ನಿಡುವ ಬೆಳ್ಳಿಯ ಕರಡಿಗೆ ಸಮೇತ ಆಕೆಯ ಕೈಗೆ ಇಟ್ಟು ಜೀಪು ಹತ್ತಿದರು. ಬರುತ್ತೇನೆ ಅಂತಲೂ ಹೇಳಲಿಲ್ಲ.

ಶಿವರುದ್ರಮ್ಮ ಗಂಡನ ಲಿಂಗವನ್ನು ದೇವರ ಗೂಡಿನಲ್ಲಿಟ್ಟು ದಿನವೂ ತಮ್ಮ ಲಿಂಗದ ಜೊತೆ ಅದಕ್ಕೂ ಪೂಜೆ ಮಾಡತೊಡಗಿದರು. ದೇವರಿಗೆ ಕೊರತೆ ಮಾಡಲಿಲ್ಲ ಅನ್ನುವ ಸಮಾಧಾನ ಅವರಿಗೆ. ಗಂಡನನ್ನು ನೋಡಲು ಮಾತ್ರ ಹೋಗಲಿಲ್ಲ. ಕೋರ್ಟು ಅವರನ್ನು ಜಿಲ್ಲಾ ಜೈಲಿಗೆ ಕಳಿಸಿತ್ತು. ನಮ್ಮೂರಿಂದ ಬಸ್ಸು ಹತ್ತಿದರೆ ಅರ್ಧ ದಿನದ ಕೆಲಸ. ಆದರೆ ನಾಗಲಿಂಗಯ್ಯನವರ ತಮ್ಮ ಪ್ರಭುದೇವ್ ಯಾರೂ ಜೈಲಿನ ಬಾಗಿಲು ತುಳಿಯಕೂಡದು ಅಂತ ಕಟ್ಟಪ್ಪಣೆ ಮಾಡಿದ್ದ. ಮಧುಗಿರಿಯಲ್ಲಿ ಬೀಜ ಗೊಬ್ಬರದ ಅಂಗಡಿ ಅವನದು. ಗಿರಾಕಿಗಳು ಏನೆಂದಾರು ಅನ್ನುವ ಭಯ. ವಕೀಲರನ್ನು ನಾನೇ ನೋಡುತ್ತೇನೆ ಅಂದವನು ಇವತ್ತು ನಾಳೆ ಅಂತ ತಳ್ಳುತ್ತಲೇ ಇದ್ದ.

ಹೀಗೇ ತಿಂಗಳಿಗೆ ಹತ್ತಿರ ಬಂತು. ಒಂದು ಮಧ್ಯಾಹ್ನ ಪಾವಗಡ ಕಡೆಯ ಬೋರಯ್ಯ ಅನ್ನುವವನು ಮನೆ ಹುಡುಕಿಕೊಂಡು ಬಂದ. ಅದೇ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಿದ್ದವನು. ಶಿವರುದ್ರಮ್ಮ ಒಳಗೆ ಕರೆಯಲಿಲ್ಲ. ಜೈಲಿಂದ ಬಂದವನು ಅಂತ ಗೊತ್ತಾಗುತ್ತಲೇ ಸೆರಗು ಬಿಗಿಮಾಡಿಕೊಂಡು ಬಾಗಿಲಲ್ಲೇ ನಿಂತರು. ನಾನೇ ಅವನನ್ನು ನಮ್ಮ ಜಗಲಿ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟೆ. ಅವನ ಕನ್ನಡದಲ್ಲಿ ಅರ್ಧ ತೆಲುಗು. ಆದರೂ ಹೇಳಿದ್ದು ನೆಟ್ಟಗೆ ಎದೆಗೆ ನಾಟಿತು.

"ಆ ತಾತ ಸರಿಗ್ಗಾ ಉಣ್ತಾ ಇಲ್ಲಮ್ಮ. ಮುದ್ದೆ, ಅನ್ನ ಇಸ್ಕೊಂತಾರೆ, ಪಕ್ಕದೋರಿಗೆ ಕೊಟ್ಬುಡ್ತಾರೆ. ಬಾಳೆಹಣ್ಣು, ಟೀ, ಮಾತ್ರೆ, ಅಷ್ಟೇ. ಮೊನ್ನೆ ಬಚ್ಚಲ ಹತ್ರ ತಲೆ ತಿರುಗಿ ಬಿದ್ರು. ಇಂಗೇ ಆದ್ರೆ ಆ ಜೀವ ಉಳಿಯಲ್ಲ."

ಜೈಲಿನ ಡಾಕ್ಟರು ನೋಡಿದ್ದರಂತೆ. ಯಾಕೆ ಉಣ್ಣುವುದಿಲ್ಲ ಅಂತ ಕೇಳಿದರೆ ಹಸಿವಿಲ್ಲ ಸ್ವಾಮಿ ಅಂದರಂತೆ. ಕಾವಲಿನ ವಾರ್ಡರ್ ಕೇಳಿದರೂ ಅದೇ ಉತ್ತರ. ಬೋರಯ್ಯನಿಗೂ ಕಾರಣ ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಎಡಗೈ ಬಿಚ್ಚಿ ನೋಡಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತಾರೆ ಅಂತ ಮಾತ್ರ ಹೇಳಿದ.

ಅವನಿಗೆ ತಿಳಿಯದಿದ್ದರೂ ನಮಗಿಬ್ಬರಿಗೂ ತಿಳಿಯಿತು. ಶಿವರುದ್ರಮ್ಮನ ಮುಖ ಸುಣ್ಣದ ಹಾಗಾಯಿತು. ನಾಗಲಿಂಗಯ್ಯನವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ಬಿಟ್ಟರೆ ಏನಾಗುತ್ತದೆ ಅಂತ ಆ ಕಾಯಿಲೆ ಇರುವ ಮನೆಯವರಿಗೆಲ್ಲ ಗೊತ್ತು.

ನಾನು ಅಲ್ಲಿಂದಲೇ ಶರಣ್ಯಾಳಿಗೆ ಫೋನು ಮಾಡಿದೆ. ಶರಣ್ಯಾ ನಮ್ಮೂರಿನ ಭೀಮರಾಜು ಮಗಳು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸ್ವಯಂಸೇವಕಿ. ಕೋರ್ಟು ಕಚೇರಿ ಅಂದರೆ ಹೆದರುವ ನಮ್ಮಂಥವರ ಜೊತೆ ನಿಂತು, ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಅಂತ ತೋರಿಸಿಕೊಡುವುದು ಅವಳ ಕೆಲಸ. ಅವರದು ಬುದ್ಧನನ್ನು ನಂಬುವ ಮನೆ. ಮೊದಲೆಲ್ಲ ಶಿವರುದ್ರಮ್ಮ ಅವಳನ್ನು ಹೊಸಿಲಿನಿಂದ ಈಚೆಗೇ ಮಾತಾಡಿಸಿ ಕಳಿಸುತ್ತಿದ್ದರು. ಆವತ್ತು ಸಂಜೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು. ಸಂಕಟಕ್ಕೆ ಅಷ್ಟಾದರೂ ಬುದ್ಧಿ ಇರುತ್ತದೆ.

ಪ್ರಭುದೇವ್ ಕೂಡ ಅಂಗಡಿ ಮುಚ್ಚಿಕೊಂಡು ಬಂದಿದ್ದ. ಶರಣ್ಯಾ ಬ್ಯಾಗು ಇಳಿಸುವ ಮೊದಲೇ ಶುರು ಹಚ್ಚಿಕೊಂಡ. ಅಣ್ಣ ಮಾಡಿದ್ದು ತಪ್ಪು, ಅನುಭವಿಸಲಿ, ಜೈಲೇನು ಬೀಗರ ಮನೆಯೇ, ಅಲ್ಲಿ ಕೂತು ಪೂಜೆ ಪುನಸ್ಕಾರ ಬೇಕು ಅನ್ನಲು ಅಂತ ಒಂದೇ ಸಮನೆ ಹೇಳಿದ. ಕೊನೆಗೆ ದನಿ ಇಳಿಸಿ ಒಂದು ಮಾತು ಕೇಳಿದ.

"ಅಲ್ಲಿ ಚಿಕ್ಕನರಸಯ್ಯ ತಲೆಗೆ ಹೊಲಿಗೆ ಹಾಕಿಸ್ಕೊಂಡು ಮಲಗವ್ನೆ. ಹೊಡೆಸ್ಕೊಂಡೋನಿಗೆ ಇಲ್ಲದ ಹಕ್ಕು ಹೊಡೆದೋನಿಗೆ ಯಾಕೆ ಬೇಕು?"

ಕೇಳುವಂಥ ಪ್ರಶ್ನೆಯೇ. ಶರಣ್ಯಾ ಅವನ ಮೇಲೆ ರೇಗಲಿಲ್ಲ.

"ಚಿಕ್ಕನರಸಯ್ಯಣ್ಣನಿಗೂ ಹಕ್ಕಿದೆ, ಪ್ರಭಣ್ಣ. ಪರಿಹಾರ ಕೇಳೋಕೆ ಅವರ ಮನೆಯೋರಿಗೂ ನಾನೇ ದಾರಿ ಹೇಳಿಬಂದಿದೀನಿ. ಅವರಿಗೆ ನ್ಯಾಯ ಕೊಡೋದು ಕೋರ್ಟು. ನಿಮ್ಮಣ್ಣ ಹಸ್ಕೊಂಡು ಸತ್ರೆ ಅವರ ತಲೆ ಗಾಯ ಬೇಗ ವಾಸಿ ಆಯ್ತದಾ?"

ಆಮೇಲೆ ಶರಣ್ಯಾ ನಮಗೆ ಗೊತ್ತೇ ಇರದ ವಿಷಯಗಳನ್ನು ನಿಧಾನವಾಗಿ ಬಿಡಿಸಿ ಹೇಳಿದಳು. ನಾಗಲಿಂಗಯ್ಯನವರ ಕೇಸು ಇನ್ನೂ ವಿಚಾರಣೆಯಲ್ಲಿದೆ. ಅವರು ವಿಚಾರಣಾಧೀನ ಕೈದಿ. ಅಪರಾಧಿ ಅಂತ ಕೋರ್ಟು ಇನ್ನೂ ಹೇಳಿಲ್ಲ. ನಾಳೆ ಹೇಳಿದರೂ ಅವರಿಂದ ಕಿತ್ತುಕೊಳ್ಳುವುದು ಹೊರಗಿನ ಓಡಾಟವನ್ನು. ಹೊಟ್ಟೆಗೆ ಊಟ, ಕಾಯಿಲೆಗೆ ಔಷಧಿ, ತಮ್ಮ ನಂಬಿಕೆಯ ಪ್ರಕಾರ ಕೈಮುಗಿಯುವುದು, ಮನೆಯವರ ಮುಖ ನೋಡುವುದು, ಇವು ಬಾಗಿಲ ಒಳಗೂ ಅವರ ಜೊತೆಗೇ ಇರುತ್ತವೆ. ಅವರನ್ನು ಯಾರೂ ಹೊಡೆಯುವ ಹಾಗಿಲ್ಲ, ಅವಮಾನ ಮಾಡುವ ಹಾಗಿಲ್ಲ. ಜೈಲಿನಲ್ಲಿರುವ ಯಾರೇ ಆಗಲಿ, ಉಳ್ಳವರಾಗಲಿ ಇಲ್ಲದವರಾಗಲಿ, ಸರ್ಕಾರದ ಕಡೆಯಿಂದ ಉಚಿತವಾಗಿ ವಕೀಲರನ್ನು ಕೇಳಿ ಪಡೆಯಬಹುದು. ಇದನ್ನು ಕೇಳಿ ಪ್ರಭುದೇವ್ ತಲೆ ತಗ್ಗಿಸಿದ. ಇವತ್ತು ನಾಳೆ ಅಂದಿದ್ದು ಅವನೇ ತಾನೆ?

ಆದರೆ ಶಿವರುದ್ರಮ್ಮನ ಗಂಟು ಬೇರೆ ಕಡೆ ಇತ್ತು. ಔಷಧಿ ಚೀಟಿ ಕೊಡುತ್ತೇನೆ, ಬಟ್ಟೆ ಕೊಡುತ್ತೇನೆ, ಬೇಕಾದರೆ ನಾನೇ ಬಂದು ಉಣ್ಣಿ ಅಂತ ಹೇಳುತ್ತೇನೆ, ಲಿಂಗವೊಂದನ್ನು ಮಾತ್ರ ಆ ಜಾಗಕ್ಕೆ ಕಳಿಸಲಾರೆ ಅಂತ ಪಟ್ಟು ಹಿಡಿದರು. ಅಲ್ಲಿ ಎಂತೆಂಥವರೋ ಮುಟ್ಟುತ್ತಾರೆ, ಎಲ್ಲೆಲ್ಲೋ ಇಡುತ್ತಾರೆ, ಮೈಲಿಗೆಯಾಗುತ್ತದೆ ಅಂದರು. ನಡುವೆ ಪ್ರಭುದೇವನೂ ಬಾಯಿ ಹಾಕಿದ. ನಮ್ಮ ಲಿಂಗದ ವಿಚಾರ ನಿನಗೇನು ಗೊತ್ತು ಅಂತ ಶರಣ್ಯಾಳನ್ನೇ ಕೇಳಿದ. ಆ ಮಾತಿನಲ್ಲಿ ಒಂದು ಮುಳ್ಳಿತ್ತು. ಅವಳಿಗೂ ತಿಳಿಯಿತು, ನನಗೂ ತಿಳಿಯಿತು. ನನಗೆ ಬಂದ ಸಿಟ್ಟಿಗೆ ಅವನ ಕೆನ್ನೆ ಹತ್ತಿರದಲ್ಲಿರಲಿಲ್ಲ, ಬಚಾವಾದ.

"ನಂಗೆ ಗೊತ್ತಿಲ್ಲ ಪ್ರಭಣ್ಣ. ಅದಕ್ಕೇ ಕೇಳ್ತೀನಿ," ಅಂದು ಅವಳು ಶಿವರುದ್ರಮ್ಮನ ಕಡೆ ತಿರುಗಿದಳು. "ಅಮ್ಮಾ, ಮೈಲಿಗೆ ಸೂತಕ ಅಂತ ನಿಮ್ಮಲ್ಲಿ ಯಾವ್ಯಾವುದಕ್ಕೆ ಹಿಡೀತೀರ?"

ಈ ಪ್ರಶ್ನೆಗೆ ಉತ್ತರ ಕೊಡುವುದು ಶಿವರುದ್ರಮ್ಮನಿಗೆ ಬಲು ಇಷ್ಟದ ಕೆಲಸ. ಬೇರೆಯವರ ಮನೆಯಲ್ಲಿ ಸಾವಿನ ಸೂತಕ, ಹೆತ್ತ ಸೂತಕ, ಮುಟ್ಟಿನ ಸೂತಕ ಅಂತ ದೂರ ಕೂರುವುದನ್ನು ಕಂಡರೆ ಅವರು ನಕ್ಕು, ನಮ್ಮಲ್ಲಿ ಅವೆಲ್ಲ ಇಲ್ಲ ಅಂತ ಬೀಗುತ್ತಿದ್ದರು. ಅತ್ತೆ ತೀರಿಕೊಂಡ ದಿನವೂ ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಲಿಂಗಪೂಜೆಗೆ ಕೂತ ಹೆಂಗಸು. ಈಗಲೂ ಅದೇ ಗತ್ತಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡರು.

"ನಮ್ಮಲ್ಲಿ ಸೂತಕ ಅನ್ನೋದೇ ಇಲ್ಲ ಕಣವ್ವ. ಲಿಂಗ ಕಟ್ಟಿದ ಮೈಗೆ ಸಾವು ಅಂಟಲ್ಲ, ಮುಟ್ಟು ಅಂಟಲ್ಲ, ಯಾವ ಮೈಲಿಗೇನೂ..."

ಅಲ್ಲಿಗೆ ಅವರ ಮಾತು ನಿಂತುಹೋಯಿತು. ಬಾಯಿ ತೆರೆದದ್ದು ತೆರೆದೇ ಇತ್ತು. ಶಿವರುದ್ರಮ್ಮ ಎದ್ದು ದೇವರ ಗೂಡಿನ ಮುಂದೆ ಹೋಗಿ ನಿಂತರು. ಆಮೇಲೆ ಅಳು ಬಂತು.

"ಮೈಲಿಗೆ ಇರೋದು ಜೈಲಲ್ಲಲ್ಲ, ನನ್ನ ತಲೇಲಿ. ಉಣ್ಣೋ ಅನ್ನಾನೇ ಕಿತ್ಕೊಂಡು ಕಳಿಸ್ಬುಟ್ಟೆ ಕಣೇ ಮಂಗಳಾ, ನನ್ನ ಗಂಡನ್ನ," ಅಂದರು.

ನಾನು ಹೋಗಿ ತಬ್ಬಿಕೊಂಡೆ. ಇನ್ನೇನು ಮಾಡುವುದು? ಪ್ರಭುದೇವ್ ಮಾತ್ರ, ನೀವು ಬೇಕಾದರೆ ಹೋಗಿ, ನಾನು ಬರುವುದಿಲ್ಲ, ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮರುದಿನವೇ ಶರಣ್ಯಾ ಜೈಲಿನ ಅಧಿಕಾರಿಗಳಿಗೆ ವಿಷಯ ತಿಳಿಸಿದಳು. ಮೊದಲು ಡಾಕ್ಟರಿಗೆ ಸುದ್ದಿ ಹೋಯಿತು. ಹಸಿವಿಲ್ಲ ಅಂದದ್ದು ನೆವ, ಈ ಮನುಷ್ಯ ಅನ್ನವನ್ನೇ ಬಿಟ್ಟು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದಾರೆ ಅಂತ ತಿಳಿದ ಕೂಡಲೇ ಅವರನ್ನು ಜೈಲಿನ ಆಸ್ಪತ್ರೆ ಕೋಣೆಗೆ ಸೇರಿಸಿ ನಿಗಾ ಇಟ್ಟರಂತೆ. ಕಾನೂನು ಸೇವೆಯ ಕಡೆಯಿಂದ ಒಬ್ಬ ವಕೀಲರೂ ನೇಮಕವಾದರು. ಅವರೇ ಲಿಂಗಕ್ಕಾಗಿ ಅರ್ಜಿ ಬರೆದುಕೊಟ್ಟರು. ಜೈಲಿನ ಅಧೀಕ್ಷಕರು ಆಗುವುದಿಲ್ಲ ಅನ್ನಲಿಲ್ಲ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ, ನಮಗೆ ಹೇಗೆ ಗೊತ್ತಾಗಬೇಕು ಅಂತ ಕೇಳಿದರಂತೆ. ಆದರೆ ಬೆಳ್ಳಿ ಕರಡಿಗೆ ಬೇಡ, ಉದ್ದನೆಯ ದಾರವೂ ಬೇಡ ಅಂದರು. ಒಳಗಿರುವವರ ಜೀವಕ್ಕೆ ಅಪಾಯ ಆಗದಂತೆ ಆ ನಿಯಮ ಅಂತ ಶರಣ್ಯಾ ವಿವರಿಸಿದಳು. ಶಿವರುದ್ರಮ್ಮ ಗಂಡನ ಹಳೆಯ ಬಿಳಿ ಪಂಚೆ ಹರಿದು, ಅಂಗಿ ಜೇಬಿಗೆ ಹಿಡಿಸುವಂಥ ಪುಟ್ಟ ಚೀಲ ಹೊಲಿದರು. ಕನ್ನಡಕದ ಒಳಗೆ ಕಣ್ಣೀರು ತುಂಬಿ ಹೊಲಿಗೆ ಎರಡು ಸಲ ಡೊಂಕಾಯಿತು. ಬಿಚ್ಚಿ ಮತ್ತೆ ಹೊಲಿದರು.

ಭೇಟಿಗೆ ಹೊರಟ ಬೆಳಿಗ್ಗೆ ಬಸ್ ಸ್ಟಾಪಿಗೆ ನಾವು ಮೂವರು ಹೋದರೆ, ಅಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಪ್ರಭುದೇವ್ ನಮಗಿಂತ ಮುಂಚೆ ನಿಂತಿದ್ದ. ಏನಪ್ಪಾ, ಗೊಬ್ಬರದ ಲೋಡು ತರಲು ಹೊರಟೆಯಾ ಅಂತ ನಾನು ಕೆಣಕಿದೆ. ಹೆಂಗಸರನ್ನೇ ಕಳಿಸುವುದು ಹೇಗೆ ಅಂತ ಗೊಣಗಿಕೊಂಡು ಕಿಟಕಿ ಪಕ್ಕದ ಸೀಟನ್ನು ಅತ್ತಿಗೆಗೆ ಬಿಟ್ಟುಕೊಟ್ಟ.

ಜೈಲು ಅಂದರೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಹೊರಗೆ ನಮ್ಮಂಥವರೇ ಸಾಲಾಗಿ ನಿಂತಿದ್ದರು. ಮಗುವನ್ನು ಎತ್ತಿಕೊಂಡ ಸೊಸೆ, ಟಿಫನ್ ಕ್ಯಾರಿಯರ್ ಹಿಡಿದ ಮುದುಕಿ, ಬುರ್ಖಾ ಹಾಕಿಕೊಂಡ ಶಿರಾದ ಹೆಂಗಸೊಬ್ಬಳು. ಅವಳು ನನ್ನನ್ನು ಕಂಡು, ಮೊದಲ ಸಲಾನಾ ಅಕ್ಕ, ಹೆದರಬೇಡಿ, ಆಧಾರ್ ಕಾರ್ಡು ಕೈಯಲ್ಲೇ ಇಟ್ಟುಕೊಳ್ಳಿ ಅಂತ ಧೈರ್ಯ ಹೇಳಿದಳು. ನಮ್ಮ ಸಾಮಾನನ್ನು ಪರೀಕ್ಷೆ ಮಾಡಿದರು. ವಾರ್ಡರ್ ಚೀಲದೊಳಗಿನ ಲಿಂಗವನ್ನು ನೋಡಿ, ಕೈ ತೊಳೆದು ಬರುತ್ತೇನೆ ಇರಿ ಅಂದು ಹೋಗಿ ಕೈ ತೊಳೆದುಕೊಂಡೇ ಬಂದು ಎತ್ತಿಕೊಂಡ. ಶಿವರುದ್ರಮ್ಮ ಅವನಿಗೆ ಕೈಮುಗಿದರು.

ಜಾಲರಿಯ ಆಚೆ ನಾಗಲಿಂಗಯ್ಯನವರು ಬಂದರು. ಅಯ್ಯೋ ಶಿವನೇ, ಅರ್ಧ ಆಗಿಹೋಗಿದ್ದರು. ಅಂಗಿ ಭುಜದಿಂದ ಜಾರುತ್ತಿತ್ತು. ನಮ್ಮ ನಾಲ್ಕು ಜನರನ್ನೂ ಒಂದೊಂದಾಗಿ ನೋಡಿ, ಕೊನೆಗೆ ತಮ್ಮನ ಮುಖದ ಮೇಲೆ ಕಣ್ಣು ನಿಲ್ಲಿಸಿದರು.

"ಚಿಕ್ಕನರಸಯ್ಯ ಹೆಂಗವ್ನೆ?"

ಅದೇ ಅವರ ಮೊದಲ ಮಾತು. ಪ್ರಭುದೇವನಿಗೆ ಉತ್ತರ ಗೊತ್ತಿರಲಿಲ್ಲ. ಚಿಕ್ಕನರಸಯ್ಯನ ಗಾಯದ ಹೆಸರು ಹೇಳಿ ವಾದ ಮಾಡಿದವನು ಒಂದು ದಿನವೂ ಆ ಮನೆಗೆ ಹೋಗಿರಲಿಲ್ಲ. ಶರಣ್ಯಾಳೇ ಹೇಳಿದಳು, ಹೊಲಿಗೆ ಬಿಚ್ಚಿದ್ದಾರೆ, ಎದ್ದು ಓಡಾಡುತ್ತಿದ್ದಾರೆ ಅಂತ. ನಾಗಲಿಂಗಯ್ಯನವರು ಒಂದು ದೊಡ್ಡ ಉಸಿರು ಬಿಟ್ಟರು. ತಮ್ಮನ ಕಡೆ ನೋಡಿ, ನೀನು ಹೋಗಿ ನನ್ನ ಪರವಾಗಿ ಕ್ಷಮೆ ಕೇಳಿ ಬಾ ಅಂದರು. ಪ್ರಭುದೇವ್ ಹೂಂ ಅಂದ. ಮರುದಿನ ಹೋಗಿಯೂ ಬಂದ, ಅದು ಆಮೇಲಿನ ಮಾತು.

ಅಷ್ಟರಲ್ಲಿ ವಾರ್ಡರ್ ಒಳಗಿನಿಂದ ಹೋಗಿ ಆ ಬಿಳಿ ಚೀಲವನ್ನು ಅವರ ಕೈಗೆ ಕೊಟ್ಟ. ಏನು ಅಂತ ಅವರಿಗೆ ಮುಟ್ಟಿದಾಗಲೇ ಗೊತ್ತಾಯಿತು. ಅವಸರಕ್ಕೆ ಚೀಲದ ಬಾಯಿ ಬಿಚ್ಚಲು ಆಗಲಿಲ್ಲ. ವಾರ್ಡರೇ ಬಿಚ್ಚಿಕೊಟ್ಟ. ಎಡಗೈ ಮೇಲೆ ಲಿಂಗ ಇಟ್ಟುಕೊಂಡು, ಗೋಡೆಗೆ ಒರಗಿ, ನಿಂತಲ್ಲೇ ಕಣ್ಣಿಟ್ಟು ನೋಡುತ್ತಾ ನಿಂತುಬಿಟ್ಟರು. ಸುತ್ತ ಹತ್ತು ಮನೆಯವರ ಅಳು, ನಗು, ಕೂಗಾಟ. ಅವರಿಗೆ ಯಾವುದೂ ಕೇಳಿಸಲಿಲ್ಲ. ನಮ್ಮ ಭೇಟಿಯ ಸಮಯವೆಲ್ಲ ಹಾಗೇ ಕಳೆಯಿತು. ಸಮಯ ಮುಗಿಯಿತು ಅಂತ ಹೇಳಲು ಬಂದ ವಾರ್ಡರ್ ಅವರನ್ನು ನೋಡಿ ಸುಮ್ಮನೆ ಪಕ್ಕಕ್ಕೆ ಸರಿದು ನಿಂತ.

ನಾಗಲಿಂಗಯ್ಯನವರು ಲಿಂಗವನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿ, ಎದೆಯ ಜೇಬಿನಲ್ಲಿಟ್ಟು ಹೆಂಡತಿಯ ಕಡೆ ತಿರುಗಿದರು. ಶಿವರುದ್ರಮ್ಮ ತಪ್ಪಾಯ್ತು ಅನ್ನಲು ಬಾಯಿ ತೆರೆದಿದ್ದರು. ಅವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ಹಸಿವಾಯ್ತಾ ಐತೆ ಕಣೇ, ರುದ್ರಿ," ಅಂದರು.

ಆಗ ನಮ್ಮಲ್ಲಿ ಅಳದೆ ಉಳಿದವರು ಯಾರೂ ಇಲ್ಲ. ಇಸ್ತ್ರಿ ಅಂಗಿಯವನೂ ಸೇರಿ.

ಕೇಸು ನಡೆಯುತ್ತಿದೆ. ಜಾಮೀನಿನ ಅರ್ಜಿಯನ್ನು ವಕೀಲರು ಹಾಕಿದ್ದಾರೆ. ಮಾಡಿದ ತಪ್ಪಿಗೆ ಏನು ಅನ್ನುವುದನ್ನು ಕೋರ್ಟು ತೀರ್ಮಾನ ಮಾಡುತ್ತದೆ, ನಾಗಲಿಂಗಯ್ಯನವರು ತಲೆಬಾಗುತ್ತಾರೆ. ಆದರೆ ಈಗ ಹೊತ್ತು ಹೊತ್ತಿಗೆ ಉಣ್ಣುತ್ತಾರೆ, ಉಂಡು ಮಾತ್ರೆ ನುಂಗುತ್ತಾರೆ, ಮೈ ಹಿಡಿಯುತ್ತಿದೆ. ಶಿವರುದ್ರಮ್ಮ ಹೋಗಿ ಬಂದಾಗಲೆಲ್ಲ ಜೈಲಿನ ಸುದ್ದಿಯನ್ನು ತವರಿನ ಸುದ್ದಿಯ ಹಾಗೆ ನಮ್ಮ ಜಗಲಿ ಮೇಲೆ ಕೂತು ಹೇಳುತ್ತಾರೆ. ಕೇಳಿ ಕೇಳಿ ನನಗೇ ಮಾತಿಗೆ ಜಾಗ ಸಿಗುತ್ತಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯವರೋ ಪಕ್ಕದ ಮನೆಯವರೋ ಜೈಲಿನಲ್ಲಿದ್ದರೆ ಮೊದಲು ಹೋಗಿ ನೋಡಿ. ಉಂಡೆಯಾ, ಮಲಗಿದೆಯಾ, ಯಾರಾದರೂ ಹೊಡೆಯುತ್ತಾರಾ, ಮಾತ್ರೆ ಸಿಗುತ್ತಿದೆಯಾ ಅಂತ ಬಾಯಿಬಿಟ್ಟು ಕೇಳಿ. ಅವರ ಕಾಯಿಲೆ ಏನು, ನಂಬಿಕೆ ಏನು ಅಂತ ಜೈಲಿನವರಿಗೆ ನೀವೇ ತಿಳಿಸಿ. ವಕೀಲರಿಲ್ಲ ಅಂತ ಕೈಕಟ್ಟಿ ಕೂರಬೇಡಿ. ನಿಮ್ಮ ತಾಲ್ಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100 ನಂಬರಿಗೆ ಫೋನು ಮಾಡಿ. ಒಳಗೆ ಅನ್ಯಾಯ ನಡೆಯುತ್ತಿದ್ದರೆ ಅಲ್ಲೇ ಹೇಳಿ, ಕೋರ್ಟಿಗೆ ಕರೆತಂದಾಗ ನ್ಯಾಯಾಧೀಶರ ಮುಂದೆಯೇ ಹೇಳಿಸಿ.

ಯಾರ ತಪ್ಪಿಗೆ ಎಷ್ಟು ಶಿಕ್ಷೆ ಅಂತ ಅಳೆಯುವುದು ಕೋರ್ಟಿನ ಕೆಲಸ. ಅದರ ಮೇಲೆ ಹಸಿವು, ಕಾಯಿಲೆ, ಒಂಟಿತನ ಅಂತ ನಾವು ಸೇರಿಸುವುದು ಬೇಡ.